ಮಗುವಿನ ಆಪರೇಷನ್, ಕಮ್ಮಿ ಫೆಂಟನಿಲ್: ನನ್ನ ಅನುಭವ

ಆಪರೇಷನ್‌ಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಹರ್ನಿಯಾ, ಹೈಡ್ರೋಸೀಲ್ (ವೃಷಣದ ಸುತ್ತ ನೀರು ತುಂಬುವುದು), ಕೆಳಗಿಳಿಯದ ವೃಷಣ. ನಮ್ಮ ಆಪರೇಷನ್ ಥಿಯೇಟರಿಗೆ (ಓಟಿ) ಬರುವ ಮಕ್ಕಳಲ್ಲಿ ಜಾಸ್ತಿ ಇಂಥವೇ. ಮೊದಲೆಲ್ಲ ಇವಕ್ಕೂ ಫೆಂಟನಿಲ್ ಎಂಬ ಬಲವಾದ ನೋವಿನ ಔಷಧ ಧಾರಾಳವಾಗಿ ಕೊಡುತ್ತಿದ್ದೆವು. ನೋವೇನೋ ಇರುತ್ತಿರಲಿಲ್ಲ, ಆದರೆ ಎದ್ದ ಮೇಲೆ ವಾಂತಿ, ಮಂಪರು. ಸಂಜೆ ಮನೆಗೆ ಹೋಗಬೇಕಾದ ಮಗು ರಾತ್ರಿ ವಾರ್ಡಿನಲ್ಲೇ ಉಳಿಯುತ್ತಿತ್ತು. ಈಗ ಇವುಗಳಲ್ಲಿ ಬಹುಪಾಲು ಓಪಿಯಾಯ್ಡ್ (ಫೆಂಟನಿಲ್, ಮಾರ್ಫಿನ್ ಜಾತಿಯ ನೋವಿನ ಔಷಧ) ಇಲ್ಲದೆಯೇ ಮುಗಿಯುತ್ತವೆ. ಔಷಧ ಬದಲಿಸುವುದು ಸುಲಭದ ಕೆಲಸ. ಕಷ್ಟ ಇರುವುದು ನಾನು ಮಗುವಿನ ಪಕ್ಕ ಇಲ್ಲದ ಹೊತ್ತಿನಲ್ಲಿ.

ಉಪವಾಸವನ್ನೇ ತಗೊಳ್ಳಿ. 'ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡಿ' ಅಂದುಬಿಟ್ಟರೆ ವಾರ್ಡಿನವರಿಗೆ ಸಲೀಸು. ಮರುದಿನ ಹತ್ತಕ್ಕೆ ಓಟಿಗೆ ಬರುವ ಮಗು ಅತ್ತು ಅತ್ತು ಸೋತಿರುತ್ತದೆ. ಅದು ಎದ್ದ ಮೇಲೂ ಬಾಯಾರಿ ಅಳುತ್ತದೆ. ನಾವು ಅದನ್ನು ನೋವು ಅಂದುಕೊಂಡು ಇನ್ನೊಂದು ಇಂಜೆಕ್ಷನ್ ಹಾಕುತ್ತೇವೆ! ಊಟಕ್ಕೆ, ಹಸುವಿನ ಹಾಲಿಗೆ 6 ಗಂಟೆ, ತಾಯಿಹಾಲಿಗೆ 4 ಗಂಟೆ ಬಿಟ್ಟರೆ ಸಾಕು. ನೀರು, ಸಕ್ಕರೆ ನೀರನ್ನು 1 ಗಂಟೆ ಮುಂಚಿನವರೆಗೂ ಕೊಡಬಹುದು ಎಂದು 2022ರ ಯುರೋಪಿನ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ಕೇಸ್ ಶೀಟಿನಲ್ಲಿ ನಾನು 'ಉಪವಾಸ' ಅಂತ ಬರೆಯುವುದಿಲ್ಲ. '9 ಗಂಟೆಗೆ ಸಕ್ಕರೆ ನೀರು 36 ಎಂಎಲ್' ಎಂದು ಬರೆಯುತ್ತೇನೆ. 12 ಕೆಜಿ ಮಗುವಿಗೆ ಕೆಜಿಗೆ 3 ಎಂಎಲ್ ಲೆಕ್ಕ. ಇಷ್ಟಾದರೂ ಅಜ್ಜಿಯರನ್ನು ಕೇಳಿಯೇ ಕೇಳುತ್ತೇನೆ. 'ಏನೂ ಕೊಟ್ಟಿಲ್ಲ ಡಾಕ್ಟ್ರೇ, ಅರ್ಧ ಲೋಟ ಹಾಲಷ್ಟೇ' ಅನ್ನುವ ಉತ್ತರ ಬಂದರೆ ಆ ಕೇಸು ಪಟ್ಟಿಯ ಕೊನೆಗೆ ಹೋಗುತ್ತದೆ.

ಓಟಿಯೊಳಗಿನ ಮುಖ್ಯ ಕೆಲಸ ಕಾಡಲ್ ಬ್ಲಾಕ್, ಅಂದರೆ ಬೆನ್ನಿನ ಕೆಳತುದಿಯಲ್ಲಿ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದು. ಮಗು ಸೆವೋಫ್ಲುರೇನ್ ಎಂಬ ಅರಿವಳಿಕೆ ಅನಿಲದಲ್ಲಿ ಮಲಗಿದ ಮೇಲೆ ಎಡಮಗ್ಗುಲಿಗೆ ಹೊರಳಿಸಿ, ಮಂಡಿಗಳನ್ನು ಹೊಟ್ಟೆಯ ಕಡೆ ಮಡಚುತ್ತೇವೆ. ಬೆನ್ನಿನ ಕೆಳತುದಿಯಲ್ಲಿ ಬೆರಳಾಡಿಸಿದರೆ ಮೂಳೆಯ ಎರಡು ಪುಟ್ಟ ಉಬ್ಬು, ನಡುವೆ ಸಣ್ಣ ಹಳ್ಳ ಸಿಗುತ್ತದೆ. ಸೂಜಿ ಅಲ್ಲಿ ಒಳಹೋಗುವಾಗ ಬಿಗಿಯಾದ ಡೋಲಿನ ಚರ್ಮ ದಾಟಿದ ಹಾಗೆ ಕೈಗೆ ಗೊತ್ತಾಗುತ್ತದೆ. ಸಿರಿಂಜ್ ಹಿಂದಕ್ಕೆಳೆದು ನೋಡಬೇಕು. ರಕ್ತವಾಗಲಿ ಬೆನ್ನುಹುರಿಯ ಸುತ್ತಲಿನ ತಿಳಿನೀರಾಗಲಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಬರದಿದ್ದರೆ ಇಸಿಜಿ ಮೇಲೆ ಕಣ್ಣಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. 12 ಕೆಜಿಗೆ ಮರಗಟ್ಟಿಸುವ ಔಷಧ 0.25% ಬುಪಿವಕೇನ್ 12 ಎಂಎಲ್, ಅಂದರೆ 30 ಮಿಲಿಗ್ರಾಂ. ಕೆಜಿಗೆ 2.5 ಮಿಲಿಗ್ರಾಂ ಅನ್ನುವ ಮಿತಿ ಅಲ್ಲಿಗೆ ಪೂರ್ತಿ ಮುಗಿಯಿತು. 'ಸಾರ್, ಗಾಯಕ್ಕೆ ಮತ್ತೆ ಲೋಕಲ್ (ಮರಗಟ್ಟಿಸುವ ಔಷಧ) ಹಾಕಬೇಡಿ' ಅಂತ ಸರ್ಜನ್‌ಗೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಈ ಔಷಧ ರಕ್ತಕ್ಕೆ ಸೇರಿ ವಿಷವಾದರೆ ಕೊಡುವ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಓಟಿಯಲ್ಲೇ ಇರಬೇಕು. ಸ್ಟೋರ್‌ನಲ್ಲಿದೆ ಅನ್ನುವುದು ಇಲ್ಲ ಅಂದ ಹಾಗೆಯೇ.

ಬ್ಲಾಕ್ ನಾಲ್ಕಾರು ಗಂಟೆ ಇರುತ್ತದೆ. ಹಾಗಾಗಿ ನೋವು ಶುರುವಾಗುವುದೇ ಮಗು ಮನೆ ಸೇರಿದ ಮೇಲೆ. ನನ್ನ ಪ್ರಕಾರ ಇಡೀ ಪದ್ಧತಿ ನಿಂತಿರುವುದು ಇಲ್ಲಿ. ಪ್ಯಾರಸಿಟಮಾಲ್ ಮೊದಲ ಡೋಸ್ ಓಟಿಯಲ್ಲೇ ಡ್ರಿಪ್ ಮೂಲಕ ಹೋಗಿರುತ್ತದೆ. ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆಯುತ್ತೇನೆ. ಆಮೇಲೆ 6 ಗಂಟೆಗೊಮ್ಮೆ ಕೆಜಿಗೆ 15 ಮಿಲಿಗ್ರಾಂ. ಊಟವಾದ ಮೇಲೆ ಐಬುಪ್ರೊಫೆನ್ 8 ಗಂಟೆಗೊಮ್ಮೆ ಕೆಜಿಗೆ 10. ಮಗು ಅತ್ತರೆ ಕೊಡುವುದಲ್ಲ, ಮೊದಲ ಎರಡು ದಿನ ಗಡಿಯಾರ ನೋಡಿ ಕೊಡುವುದು. 'ಆರಾಮಾಗಿ ಆಡ್ತಾ ಇದಾನೆ, ಸುಮ್ನೆ ಯಾಕೆ ಔಷಧಿ' ಅಂತ ಅಪ್ಪಂದಿರು ಕೇಳುತ್ತಾರೆ. ಆಡುತ್ತಿರುವುದೇ ಔಷಧಿಯಿಂದ ಅಲ್ವಾ! ಇನ್ನೊಂದು ತೊಡಕು ಪ್ಯಾರಸಿಟಮಾಲ್ ಸಿರಪ್ಪಿನದು. ಮೆಡಿಕಲ್ ಶಾಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. 12 ಕೆಜಿ ಮಗುವಿಗೆ ಒಂದರಲ್ಲಿ 7.2 ಎಂಎಲ್, ಇನ್ನೊಂದರಲ್ಲಿ 3.6. ಅದಕ್ಕೇ ಬಾಟಲಿ ತರಿಸಿ ನೋಡಿ, ಸೂಜಿ ಇಲ್ಲದ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಅಮ್ಮನ ಕೈಗೆ ಕೊಡುತ್ತೇನೆ. ಬ್ಲಾಕ್‌ನಿಂದ ಒಂದೆರಡು ಗಂಟೆ ಕಾಲು ಜೋಲು ಬೀಳಬಹುದು, ಹಿಡಿದುಕೊಂಡೇ ನಿಲ್ಲಿಸಿ ಅಂತಲೂ ಹೇಳುತ್ತೇನೆ.

ಮನೆಗೆ ಟ್ರಮಡಾಲ್, ಕೊಡೀನ್ ಬರೆಯುವುದಿಲ್ಲ, ಇವೂ ಓಪಿಯಾಯ್ಡ್‌ಗಳೇ. ಕೆಲವು ಮಕ್ಕಳ ಲಿವರ್ ಕೊಡೀನನ್ನು ಸರಸರನೆ ಮಾರ್ಫಿನ್ ಮಾಡಿಬಿಡುತ್ತದೆ, ಉಸಿರೇ ನಿಲ್ಲಬಹುದು. 12 ವರ್ಷದೊಳಗಿನವರಿಗೆ ನೋವಿಗೆಂದು ಇವೆರಡನ್ನೂ ಕೊಡಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಹೇಳಿತು.

ಹಾಗಂತ ಓಪಿಯಾಯ್ಡ್ ಶತ್ರುವಲ್ಲ. ಸುಟ್ಟ ಗಾಯ, ಎದೆಯ ದೊಡ್ಡ ಆಪರೇಷನ್ ಇದ್ದಾಗ ಕೊಡಲೇಬೇಕು. ಹರ್ನಿಯಾಕ್ಕೂ ಫೆಂಟನಿಲ್ ತುಂಬಿದ ಸಿರಿಂಜ್ ನನ್ನ ಟ್ರೇಯಲ್ಲಿರುತ್ತದೆ. ಸರ್ಜನ್ ಚರ್ಮ ಕೊಯ್ದಾಗ ಹೃದಯಬಡಿತ ಏರಿದರೆ ಬ್ಲಾಕ್ ಹಿಡಿದಿಲ್ಲ ಅಂತ ಅರ್ಥ. ಆಗ ಕೆಜಿಗೆ 1 ಮೈಕ್ರೋಗ್ರಾಂ ಕೊಟ್ಟೇ ಕೊಡುತ್ತೇನೆ.