ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಗಲು ರೈಲು: ಟಿಕೆಟ್ ತೆಗೆಯುವ ಮುನ್ನ

ಬೆಂಗಳೂರಿನಿಂದ ಮಂಗಳೂರಿನ ಕಡೆಗೆ ಹೋಗುವ ಹಗಲು ರೈಲಿನಲ್ಲಿ ಕುಳಿತು ಪಶ್ಚಿಮ ಘಟ್ಟವನ್ನು ಇಳಿಯಬೇಕೆಂಬ ಆಸೆ ಅನೇಕರಿಗಿದೆ. ಮಳೆಗಾಲ ಬಂತೆಂದರೆ ಈ ಮಾರ್ಗದ ಜಲಪಾತ, ಸುರಂಗ, ಸೇತುವೆಗಳ ವಿಡಿಯೊಗಳು ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತವೆ. ವಿಡಿಯೊ ಎರಡು ನಿಮಿಷದ್ದು. ಪ್ರಯಾಣ ಮಾತ್ರ ಒಂಬತ್ತು ಹತ್ತು ಗಂಟೆಯದು. ಅಷ್ಟು ಹೊತ್ತು ಮತ್ತು ಅಷ್ಟು ಹಣ ಈ ಪ್ರಯಾಣಕ್ಕೆ ತಕ್ಕದ್ದೇ ಎಂದು ನಿರ್ಧರಿಸುವಾಗ ನೋಡಬೇಕಾದದ್ದು ಇಡೀ ದಾರಿಯನ್ನಲ್ಲ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಭಾಗವನ್ನು. ಆ ಭಾಗ ನಿಮಗೆ ಒಳ್ಳೆಯ ಬೆಳಕಿನಲ್ಲಿ, ಸರಿಯಾದ ಋತುವಿನಲ್ಲಿ, ಕಿಟಕಿಯ ಪಕ್ಕದಲ್ಲಿ ಸಿಗುವಂತಿದ್ದರೆ ಹೋಗಬೇಕು. ಇಲ್ಲವಾದರೆ ಕಾಯುವುದೇ ಲೇಸು.

ಈ 55 ಕಿಲೋಮೀಟರಿನಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಳಿಜಾರು ಐವತ್ತು ಮೀಟರಿಗೆ ಒಂದು ಮೀಟರಿನಷ್ಟು ಕಡಿದು. 1979ರಲ್ಲಿ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗವಾಗಿ ಆರಂಭವಾದ ಇದನ್ನು 1990ರ ದಶಕದಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಲಾಯಿತು. ಹೆಚ್ಚು ಅಗಲದ ಬ್ರಾಡ್ ಗೇಜ್ ಆಗಿ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಕೊನೆಯಲ್ಲಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಡುವಿನ ನಿಲ್ದಾಣಗಳಲ್ಲಿ ಎಡಕುಮೇರಿಯಂಥದ್ದು ದಟ್ಟ ಕಾಡಿನ ಮಧ್ಯೆ ಇದೆ. ಸುಮಾರು 30 ಕಿಲೋಮೀಟರ್ ವೇಗದ ಮಿತಿಯಲ್ಲಿ ಸಾಗುವ ರೈಲಿಗೆ ಈ ಭಾಗವನ್ನು ದಾಟಲು ಎರಡೂವರೆ ಗಂಟೆಯ ಆಸುಪಾಸು ಬೇಕಾಗುತ್ತದೆ. ನೋಡಲು ಬಂದವರಿಗೆ ಈ ನಿಧಾನವೇ ವರ.

ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಬೆಳಕು. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಹೊತ್ತಿಗೆ ಕರಾವಳಿ ಸೇರುವ ರೈಲುಗಳು ಇದೇ ಹಳಿಯ ಮೇಲೆ ಓಡುತ್ತವೆ, ಆದರೆ ಘಾಟಿಯನ್ನು ಕತ್ತಲಲ್ಲೇ ದಾಟುತ್ತವೆ. ಅವು ಮಂಗಳೂರು ತಲುಪುವ ಅನುಕೂಲವೇ ಹೊರತು ಘಾಟಿ ನೋಡುವ ಪ್ರಯಾಣವಲ್ಲ. ನೋಡುವವರಿಗೆ ಬೇಕಾದದ್ದು ಯಶವಂತಪುರದಿಂದ ಬೆಳಗ್ಗೆ ಹೊರಡುವ ಹಗಲು ರೈಲುಗಳು. ವಾರದ ಕೆಲವು ದಿನ ಮಂಗಳೂರು ಜಂಕ್ಷನ್‌ಗೆ, ಕೆಲವು ದಿನ ಕಾರವಾರಕ್ಕೆ ಎಂದು ಇವು ಹಂಚಿಕೊಂಡಿವೆ. ಟಿಕೆಟ್ ತೆಗೆಯುವ ಮುನ್ನ ರೈಲಿನ ಹೆಸರಿಗಿಂತ ಅದು ಸಕಲೇಶಪುರ ಬಿಡುವ ಮತ್ತು ಸುಬ್ರಹ್ಮಣ್ಯ ರೋಡ್ ತಲುಪುವ ಸಮಯವನ್ನು ನೋಡಿರಿ, ಎರಡೂ ಹಗಲಿನಲ್ಲಿರಬೇಕು. ಡಿಸೆಂಬರ್ ತಿಂಗಳಲ್ಲಿ ಬೇಗ ಕತ್ತಲಾಗುವುದರಿಂದ, ಮಂಗಳೂರಿನ ಕಡೆಯಿಂದ ಘಾಟಿ ಹತ್ತುವ ರೈಲು ತಡವಾದರೆ ಕೊನೆಯ ಸುರಂಗಗಳ ಹೊತ್ತಿಗೆ ಸಂಜೆಗತ್ತಲು ಕವಿಯಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಋತುವಿನ ವಿಷಯದಲ್ಲಿ ಜನಪ್ರಿಯ ಅಭಿಪ್ರಾಯವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೋಗಬೇಕು ಎನ್ನುವವರು ಹೆಚ್ಚು, ಏಕೆಂದರೆ ಹಳಿಯ ಪಕ್ಕದ ಬಂಡೆಗಳ ಮೇಲಿಂದ ನೀರು ಧುಮುಕುವುದು ಆಗಲೇ. ಆದರೆ ಅದೇ ದಿನಗಳಲ್ಲಿ ಮಂಜು ಕಣಿವೆಯನ್ನು ತುಂಬಿಕೊಂಡರೆ ಕಿಟಕಿಯಾಚೆ ಬಿಳಿಯ ಗೋಡೆಯಲ್ಲದೆ ಬೇರೇನೂ ಕಾಣದು. ಗುಡ್ಡ ಕುಸಿತದ ಭಯವೂ ಆಗಲೇ ಹೆಚ್ಚು. 2018ರ ಆಗಸ್ಟ್‌ನಲ್ಲಿ ಹಲವೆಡೆ ಮಣ್ಣು ಕುಸಿದು ಈ ಮಾರ್ಗ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬುಡವೇ ಜಾರಿ ರೈಲುಗಳು ನಿಂತವು. ರಜೆ ಹಾಕಿ, ಮಂಗಳೂರಿನಲ್ಲಿ ಕೋಣೆ ಗೊತ್ತುಮಾಡಿ, ಮನೆಮಂದಿಯನ್ನೆಲ್ಲ ಹೊರಡಿಸುವವರು ಈ ಅನಿಶ್ಚಿತತೆಯನ್ನು ಸಹಿಸಬಲ್ಲರೇ ಎಂದು ಮೊದಲೇ ಯೋಚಿಸಬೇಕು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ದಿನಗಳೇ ಉತ್ತಮ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ: ಹಳ್ಳಗಳಲ್ಲಿ ನೀರು ಇನ್ನೂ ಇರುತ್ತದೆ, ಕಾಡು ತೊಳೆದಿಟ್ಟಂತೆ ಹಸಿರಾಗಿರುತ್ತದೆ, ಆಕಾಶ ತಿಳಿಯಾಗಿ ಎದುರಿನ ಬೆಟ್ಟಸಾಲು ಕಡೆಯವರೆಗೂ ಕಾಣುತ್ತದೆ. ಮಾರ್ಚ್‌ನಿಂದ ಮೇವರೆಗೆ ತೊರೆಗಳು ಬತ್ತಿರುತ್ತವೆ. ಸುರಂಗ, ಸೇತುವೆಗಳ ಮೇಲಿನ ಆಸಕ್ತಿಯಿಂದ ಹೋಗುವವರನ್ನು ಬಿಟ್ಟರೆ ಉಳಿದವರಿಗೆ ಆ ತಿಂಗಳುಗಳನ್ನು ನಾನು ಸೂಚಿಸುವುದಿಲ್ಲ.

ಇನ್ನು ಬೋಗಿಯ ಆಯ್ಕೆ. 2021ರ ಜುಲೈನಿಂದ ಈ ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಲಾಗುತ್ತಿದೆ. ಒಂದೊಂದರಲ್ಲಿ 44 ತಿರುಗುವ ಆಸನಗಳು, ಅಗಲವಾದ ಕಿಟಕಿಗಳು, ಚಾವಣಿಯಲ್ಲೂ ಗಾಜು, ಹವಾನಿಯಂತ್ರಣ. ದರ ಮಾತ್ರ ಸೆಕೆಂಡ್ ಸಿಟಿಂಗ್ ಎಂಬ ಸಾಮಾನ್ಯ ಆಸನದ ಬೋಗಿಗೆ ಹೋಲಿಸಿದರೆ ಹಲವು ಪಟ್ಟು. ಹಣಕ್ಕೆ ತಕ್ಕ ಫಲ ಸಿಗುತ್ತದೆಯೇ ಎಂಬುದು ನೀವು ಏನನ್ನು ಬಯಸುತ್ತೀರಿ ಎಂಬುದರ ಮೇಲಿದೆ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ, ನೂಕುನುಗ್ಗಲಿಲ್ಲದೆ ಕುಳಿತು ಎರಡೂ ಬದಿ ನೋಡಬೇಕೆನ್ನುವವರಿಗೆ ಅದು ಖಂಡಿತ ಸಾರ್ಥಕ. ಆದರೆ ಅಲ್ಲಿ ಕಿಟಕಿ ತೆರೆಯುವುದಿಲ್ಲ. ಫೋಟೊ ತೆಗೆದರೆ ಒಳಗಿನ ದೀಪ ಗಾಜಿನಲ್ಲಿ ಮೂಡುತ್ತದೆ. ಜೋರು ಮಳೆಯಲ್ಲಿ ಗಾಜಿನ ಮೇಲೆ ಇಳಿಯುವ ನೀರಿನ ಹಿಂದೆ ಕಾಡು ಕದಡಿದಂತೆ ಕಾಣುತ್ತದೆ.

ಸಾಮಾನ್ಯ ಸಿಟಿಂಗ್ ಬೋಗಿಯಲ್ಲಿ ತೆರೆದ ಕಿಟಕಿಯ ಸರಳುಗಳಿಗೆ ಮುಖ ತಂದು ಕುಳಿತವರಿಗೆ ಸಿಗುವುದೇ ಬೇರೆ. ರೈಲು ಸುರಂಗವನ್ನು ಹೊಕ್ಕ ಕ್ಷಣ ಗಾಳಿ ತಟ್ಟನೆ ತಣ್ಣಗಾಗುತ್ತದೆ, ಒದ್ದೆ ಬಂಡೆಯ ವಾಸನೆ ಬೋಗಿಯೊಳಗೆ ಬರುತ್ತದೆ, ಚಕ್ರದ ಸದ್ದು ಗೋಡೆಗೆ ಬಡಿದು ಇಮ್ಮಡಿಯಾಗುತ್ತದೆ, ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಾರೆ. ಹೊರಬಂದ ಕೂಡಲೇ ಕಾಲಡಿಯಲ್ಲಿ ಸೇತುವೆ, ಅದರ ಕೆಳಗೆ ಬಂಡೆಗಳ ನಡುವೆ ಹರಿಯುವ ತೊರೆ, ಮತ್ತೆ ಕತ್ತಲು. ತಿರುವಿನಲ್ಲಿ ಮುಂದಿನ ಬೋಗಿಗಳು ಬಾಗಿ ಮುಂದಿನ ಸುರಂಗದೊಳಗೆ ಒಂದೊಂದಾಗಿ ಮರೆಯಾಗುವುದನ್ನು ನಿಮ್ಮ ಕಿಟಕಿಯಿಂದಲೇ ನೋಡಬಹುದು. ಆರೋಗ್ಯವಂತರೂ ಒಂದಿಷ್ಟು ಗದ್ದಲ ಸಹಿಸಬಲ್ಲವರೂ ಆದ ಪ್ರಯಾಣಿಕರು ಮೊದಲ ಸಲ ಕಿಟಕಿ ಪಕ್ಕದ ಸೆಕೆಂಡ್ ಸಿಟಿಂಗ್ ಆಸನಕ್ಕೇ ಪ್ರಯತ್ನಿಸುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಕಾಯ್ದಿರಿಸುವಾಗ ಕಿಟಕಿಯ ಬದಿಯನ್ನು ಕೇಳಿಕೊಳ್ಳಲು ಅವಕಾಶವಿದೆ. ಕಿಟಕಿಯೂ ಇಲ್ಲದೆ, ರಜೆಯ ದಿನ ಕಿಕ್ಕಿರಿದ ಜನರಲ್ ಬೋಗಿಯಲ್ಲಿ ನಿಂತು ಹೋಗುವ ಪರಿಸ್ಥಿತಿಯಾದರೆ ಪ್ರಯಾಣವನ್ನು ಮುಂದೂಡಿರಿ. ಬಾಗಿಲಿನಲ್ಲಿ ಜೋತುಬಿದ್ದು ನೋಡುವುದಂತೂ ಬೇಡವೇ ಬೇಡ; ಸುರಂಗದ ಗೋಡೆ ಬೋಗಿಗೆ ಎಷ್ಟು ಹತ್ತಿರವಿದೆ ಎಂಬುದು ಕತ್ತಲಲ್ಲಿ ತಿಳಿಯುವುದಿಲ್ಲ.

ಇಡೀ ಪ್ರಯಾಣ ಬೇಕೇ, ಘಾಟಿ ಮಾತ್ರ ಸಾಕೇ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನಿಂದ ಹಾಸನದವರೆಗೆ ಬಯಲು, ತೆಂಗಿನ ತೋಟ, ಕೆರೆಗಳ ದಾರಿ. ಹಾಸನ ದಾಟಿದ ಮೇಲೆ ಕಾಫಿ ತೋಟಗಳು. ಹಿತವಾದ ದಾರಿಯೇ, ಆದರೆ ಅದಕ್ಕಾಗಿ ಅರ್ಧ ದಿನ ಕೊಡಬೇಕೆಂದು ಹೇಳಲಾರೆ. ಚಿಕ್ಕ ಮಕ್ಕಳಿದ್ದರೆ ಸಕಲೇಶಪುರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲೊಂದು ರಾತ್ರಿ ತಂಗಿ, ಮರುದಿನ ಅಲ್ಲಿಂದಲೇ ರೈಲು ಹತ್ತಿ ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿಯುವ ವ್ಯವಸ್ಥೆ ಬಹಳ ಅನುಕೂಲ. ಆ ನಿಲ್ದಾಣವಿರುವುದು ನೆಟ್ಟಣದಲ್ಲಿ. ಕುಕ್ಕೆ ದೇವಸ್ಥಾನ ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರ. ದರ್ಶನದ ಉದ್ದೇಶವೂ ಇದ್ದವರಿಗೆ ಈ ಪ್ರಯಾಣ ಎರಡು ಪಾಲು ಲಾಭದಾಯಕ. ಮಂಗಳೂರಿನಲ್ಲಿ ಬೇಗ ಮುಗಿಸಬೇಕಾದ ಕೆಲಸವಿದ್ದವರು ಮಾತ್ರ ಶಿರಾಡಿ ಘಾಟಿಯ ರಸ್ತೆಯನ್ನೋ ರಾತ್ರಿ ರೈಲನ್ನೋ ನಂಬಬೇಕು.

ಊಟಿಯ ರೈಲಿನೊಂದಿಗೆ ಇದನ್ನು ತೂಗಿ ನೋಡುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್ ಹತ್ತುವ ನೀಲಗಿರಿ ರೈಲಿನಲ್ಲಿ ಅಚ್ಚರಿಯ ವಸ್ತು ರೈಲೇ: ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಏರುವ ಎಂಜಿನ್, 2005ರಲ್ಲಿ ದೊರೆತ ವಿಶ್ವ ಪರಂಪರೆಯ ಮಾನ್ಯತೆ. ಮೈಸೂರಿನ ಕಡೆಯಿಂದ ರಸ್ತೆಯಲ್ಲಿ ಊಟಿಗೆ ಹೋದ ನಮ್ಮವರು ಸಾಮಾನ್ಯವಾಗಿ ಹತ್ತುವುದು ಊಟಿ–ಕೂನೂರು ಭಾಗವನ್ನು. ಹಲ್ಲುಪಟ್ಟಿ ಇರುವುದು ಕೂನೂರಿನ ಕೆಳಗೆ, ಕಲ್ಲಾರ್‌ವರೆಗೆ. ಅದನ್ನು ನೋಡಬೇಕೆಂದರೆ ಪೂರ್ತಿ ದಾರಿಯನ್ನೇ ಆರಿಸಿಕೊಳ್ಳಬೇಕು. ಸಕಲೇಶಪುರದ ಮಾರ್ಗದಲ್ಲಿ ರೈಲು ಮಾಮೂಲಿಯದು. ನೋಡಬೇಕಾದದ್ದು ಕಾಡು ಮತ್ತು ಆ ಕಾಡಿನ ನಡುವೆ ಹಳಿ ಹಾಸಿದವರ ಶ್ರಮ.

ಹೋಗುವುದೆಂದು ನಿಶ್ಚಯಿಸಿದ ಮೇಲೆ ಮೀಸಲಾತಿ 60 ದಿನ ಮೊದಲು ತೆರೆಯುತ್ತದೆ ಎಂಬುದು ನೆನಪಿರಲಿ. ದಸರಾ, ದೀಪಾವಳಿ ಮತ್ತು ವಾರಾಂತ್ಯಗಳ ವಿಸ್ಟಾಡೋಮ್ ಆಸನಗಳಿಗೆ ತಡಮಾಡಬಾರದು. ಹೊರಡುವ ಹಿಂದಿನ ದಿನ ರೈಲು ಓಡುತ್ತಿದೆಯೇ ಎಂದು ಮತ್ತೊಮ್ಮೆ ಪರಿಶೀಲಿಸಿರಿ. 2025ರಲ್ಲಿ ಘಾಟಿಯ ವಿದ್ಯುದೀಕರಣದ ಕಾಮಗಾರಿಗಾಗಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದುಪಡಿಸಲಾಗಿತ್ತು. ಘಾಟಿಯೊಳಗೆ ಮೊಬೈಲ್ ಸಂಪರ್ಕ ಬಹುಮಟ್ಟಿಗೆ ಸಿಗುವುದಿಲ್ಲ, ನಡುವಿನ ನಿಲ್ದಾಣಗಳಲ್ಲಿ ತಿಂಡಿಯನ್ನು ನಂಬಿಕೊಳ್ಳುವಂತಿಲ್ಲ. ಬುತ್ತಿ, ನೀರು ಜೊತೆಗಿರಲಿ. ರೈಲು ಎಡಕುಮೇರಿಯಂಥ ಕಡೆ ಕ್ರಾಸಿಂಗ್‌ಗಾಗಿ, ಅಂದರೆ ಎದುರಿನ ರೈಲಿಗೆ ದಾರಿ ಬಿಡಲು, ನಿಂತಾಗ ಹಳಿಗಿಳಿದು ಸೇತುವೆಯವರೆಗೆ ನಡೆದುಹೋಗುವ ಚಪಲ ಕೆಲವರಿಗಿದೆ. ಹಿಂದೆ ಈ ಹಳಿಯ ಮೇಲೆ ಚಾರಣ ನಡೆಯುತ್ತಿದ್ದುದು ನಿಜ, ಈಗ ಅದಕ್ಕೆ ನಿಷೇಧವಿದೆ, ಮತ್ತು ಅತಿಕ್ರಮ ಪ್ರವೇಶಕ್ಕೆ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗಿನ ಜೈಲು ಅಥವಾ ದಂಡ ಬೀಳಬಹುದು. ಬಿದ್ದು ಪೆಟ್ಟಾದರೆ ಅಲ್ಲಿಗೆ ಆಂಬುಲೆನ್ಸ್ ಬರುವ ರಸ್ತೆಯೂ ಇಲ್ಲ.