ಜಪಾನಿಗೆ ಮೊದಲ ಪ್ರವಾಸ: ಊಟ, ಲಗೇಜು, ರೈಲನ್ನು ಮೊದಲೇ ಬಗೆಹರಿಸಿಕೊಳ್ಳಿ

ಬೆಂಗಳೂರಿನಿಂದ ಟೋಕಿಯೋದ ನರಿತಾಕ್ಕೆ ನೇರ ವಿಮಾನ ಬಂದ ಮೇಲೆ ಜಪಾನಿಗೆ ಹೊರಡುವ ಕನ್ನಡದ ಕುಟುಂಬಗಳಿಗೆ ದಾರಿ ಸಲೀಸಾಗಿದೆ. ಚೌಕಾಸಿ, ಟಿಪ್ಸು, ದಲ್ಲಾಳಿಗಳ ಕಾಟ ಆ ದೇಶದಲ್ಲಿ ಕಡಿಮೆ. ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಆದರೂ ಅನೇಕರು ಸುಸ್ತಾಗಿ ವಾಪಸು ಬರುತ್ತಾರೆ. ಕಾರಣಗಳು ಮೂರೇ: ಸಸ್ಯಾಹಾರ ಸಿಗದೆ ಬಳಲುವುದು, ದೊಡ್ಡ ಸೂಟ್‌ಕೇಸುಗಳನ್ನು ಎಳೆದಾಡುವುದು, ಒಂಬತ್ತು ದಿನಕ್ಕೆ ಆರು ಊರು ಇಟ್ಟುಕೊಂಡು ರೈಲಿನಲ್ಲೇ ಅಲೆಯುವುದು. ಈ ಮೂರಕ್ಕೂ ಪರಿಹಾರ ಮನೆಯಲ್ಲಿ ಕೂತಾಗಲೇ ಆಗಬೇಕು.

ಮೊದಲು ದಿನಗಳ ಲೆಕ್ಕ. ಒಂಬತ್ತು ರಾತ್ರಿ ಇದ್ದರೆ ಟೋಕಿಯೋದಲ್ಲಿ ಮೂರು, ಕ್ಯೋಟೋದಲ್ಲಿ ನಾಲ್ಕು, ಕೋಯಾಸಾನ್ ಬೆಟ್ಟದಲ್ಲಿ ಒಂದು, ಕೊನೆಗೆ ಮತ್ತೆ ಟೋಕಿಯೋದಲ್ಲಿ ಒಂದು. ಹಿರೋಶಿಮಾ, ಹಕೋನೆ, ನಾರಾ ಎಲ್ಲವನ್ನೂ ತುರುಕುವ ಆಸೆ ಬಿಡಿ. ನಾರಾ ಒಂದನ್ನು ಕ್ಯೋಟೋದಿಂದ ಬೆಳಗ್ಗೆ ಹೋಗಿ ಸಂಜೆಗೆ ಮರಳಿ ನೋಡಬಹುದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’, ಆಗಸ್ಟ್ ಮಧ್ಯದ ಒಬೋನ್ ಹಬ್ಬ, ಹೊಸ ವರ್ಷದ ಆಸುಪಾಸು ಬೇಡ. ಆಗ ಇಡೀ ಜಪಾನೇ ಪ್ರಯಾಣದಲ್ಲಿರುತ್ತದೆ. ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆ. ಮೇ ಎರಡನೇ ವಾರದ ನಂತರ ಅಥವಾ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗುವುದು ಒಳ್ಳೆಯದು.

ಊಟದ ವಿಷಯಕ್ಕೆ ಹೆಚ್ಚು ಗಮನ ಬೇಕು. ‘ವೆಜಿಟೇರಿಯನ್’ ಎಂದರೆ ಅಲ್ಲಿ ಅನೇಕರಿಗೆ ‘ಮಾಂಸದ ತುಂಡು ಹಾಕದಿದ್ದರಾಯಿತು’ ಎಂದಷ್ಟೇ ಅರ್ಥ. ತೊಡಕಿರುವುದು ‘ದಾಶಿ’ಯಲ್ಲಿ. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ ದಾಶಿ ಹಾಗೆ: ಒಣಗಿಸಿ ಹೆರೆದ ಕತ್ಸುವೊ ಮೀನಿನಿಂದಲೋ, ಕೊಂಬು ಎಂಬ ಕಡಲ ಪಾಚಿಯಿಂದಲೋ, ಎರಡನ್ನೂ ಸೇರಿಸಿಯೋ ಇಳಿಸಿದ ತಿಳಿಸಾರು. ಮಿಸೋ ಸೂಪು, ಉಡೋನ್ ಮತ್ತು ಸೋಬಾ ನೂಡಲ್ಸಿನ ಸಾರು, ತೆಂಪುರಾ ಅದ್ದಿಕೊಳ್ಳುವ ಸಾಸು, ಬೇಯಿಸಿದ ತರಕಾರಿ, ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿಜುಶಿ, ಎಲ್ಲದರಲ್ಲೂ ಸಾಮಾನ್ಯವಾಗಿ ಮೀನಿನ ದಾಶಿ ಇರುತ್ತದೆ. ಕಣ್ಣಿಗೆ ಕಾಣದ್ದರಿಂದ ಬಡಿಸುವವರಿಗೂ ಅದು ನೆನಪಿಗೆ ಬರುವುದಿಲ್ಲ. ಹಾಗಾಗಿ ‘ಸಸ್ಯಾಹಾರಿ’ ಎನ್ನುವ ಬದಲು ಬೇಡವಾದದ್ದನ್ನು ಹೆಸರಿಟ್ಟು ಹೇಳಿ: ‘ನಿಕು, ಸಕಾನಾ, ಸಕಾನಾ ನೊ ದಾಶಿ ನಾಶಿ ದೆ ಒನೆಗಾಯ್ ಶಿಮಾಸು’. ಮಾಂಸ, ಮೀನು, ಮೀನಿನ ದಾಶಿ ಇಲ್ಲದೆ ಕೊಡಿ ಎಂದು. ಮೊಟ್ಟೆಯೂ ಬೇಡವೆಂದರೆ ‘ತಮಾಗೊ’ ಸೇರಿಸಿ. ಮೊದಲ ದಿನವೇ ಹೋಟೆಲಿನ ಸ್ವಾಗತ ಕಟ್ಟೆಯಲ್ಲಿ ಈ ವಾಕ್ಯವನ್ನು ಜಪಾನಿ ಲಿಪಿಯಲ್ಲಿ ಬರೆಸಿಕೊಂಡು ಫೋಟೋ ತೆಗೆದಿಟ್ಟುಕೊಳ್ಳಿ. ಬಾಯಿಮಾತಿಗಿಂತ ಚೀಟಿಗೆ ಅಲ್ಲಿ ಬೆಲೆ ಹೆಚ್ಚು: ಬಡಿಸುವವರು ಅದನ್ನು ಅಡುಗೆಮನೆಗೆ ಒಯ್ದು ಕೇಳಿ ಬರುತ್ತಾರೆ. ಆಗುವುದಿಲ್ಲ ಎಂದರೆ ವಾದ ಬೇಡ. ಮೊದಲೇ ತಯಾರಾದ ಸಾರಿನಿಂದ ದಾಶಿ ತೆಗೆಯಲು ಬರುವುದಿಲ್ಲ.

ಬೀದಿ ಬೀದಿಯಲ್ಲೂ ಇರುವ ‘ಕೊಂಬಿನಿ’ ಎಂಬ ಸಣ್ಣ ದಿನಬಳಕೆಯ ಅಂಗಡಿಗಳೇ ದಿನದ ಆಧಾರ. ಉಪ್ಪಿನಲ್ಲಿ ನೆನೆಸಿದ ಹುಳಿ ಹಣ್ಣಿನ, ಅಂದರೆ ಉಮೆಬೋಶಿಯ ಓನಿಗಿರಿ ಅನ್ನದುಂಡೆ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಆದರೆ ಕೆಲವು ಕಂಪನಿಗಳದ್ದರಲ್ಲಿ ಮೀನಿನ ಸತ್ವ ಇರುತ್ತದೆ. ಫೋನಿನ ಅನುವಾದ ಆ್ಯಪ್‌ನ ಕ್ಯಾಮೆರಾವನ್ನು ಲೇಬಲ್ಲಿಗೆ ಹಿಡಿದು ನೋಡಿ. ಸೌತೆಕಾಯಿಯ ಸುಶಿ ಸುರುಳಿ ಕಪ್ಪಾಮಾಕಿ, ಕೆಂಪು ಕಾಳಿನ ಹೂರಣದ ಸಿಹಿ ದೈಫುಕು, ಚಳಿಗಾಲದಲ್ಲಿ ಸುಟ್ಟ ಗೆಣಸು, ಇವಕ್ಕೆ ಅಷ್ಟು ಯೋಚನೆ ಬೇಡ. ಮೊಸರನ್ನ ಬೇಕೆನ್ನಿಸಿದರೆ ಅದೂ ಆಗುತ್ತದೆ. ಪೊಟ್ಟಣದ ಬೆಂದ ಅನ್ನ 200 ಗ್ರಾಂನದ್ದು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ ಸಾಕು. ಸಪ್ಪೆ ಮೊಸರಿನ 400 ಗ್ರಾಂ ಡಬ್ಬಿಯೂ ಅಲ್ಲೇ ಇರುತ್ತದೆ. ಸಕ್ಕರೆ ಬೆರೆಸಿದ ಸಣ್ಣ ಕಪ್ಪುಗಳನ್ನು ಬಿಡಿ, ಅವುಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುವುದೂ ಉಂಟು. ಅನ್ನ ಅಂಟಂಟಾಗಿರುವುದರಿಂದ ಮೊಸರಿಗೆ ಚೆನ್ನಾಗಿ ಹೊಂದುತ್ತದೆ, ಮೇಲೆ ಮನೆಯ ಉಪ್ಪಿನಕಾಯಿ.

ಮನೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಗ್ಗರಣೆ ಅವಲಕ್ಕಿ ಒಯ್ಯಿರಿ. ಹಸಿ ಕರಿಬೇವು, ನಿಂಬೆಹಣ್ಣು, ಮಾವಿನಹಣ್ಣು ಬೇಡ: ತಪಾಸಣಾ ಪ್ರಮಾಣಪತ್ರವಿಲ್ಲದ ಹಸಿರು ಸೊಪ್ಪು, ಹಣ್ಣುಗಳನ್ನು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಮಾಂಸದ ಪದಾರ್ಥಗಳಿಗೂ ನಿಷೇಧವಿದೆ. ಗೊಜ್ಜಿಗೆ ಎರಡು ಜಿಪ್ ಚೀಲ ಹಾಕಿ ಚೆಕ್-ಇನ್ ಲಗೇಜಿನಲ್ಲೇ ಇಡಿ. ಕೈಚೀಲದಲ್ಲಿದ್ದರೆ ದ್ರವ ಪದಾರ್ಥಗಳಿಗಿರುವ 100 ಮಿಲಿಯ ನಿಯಮಕ್ಕೆ ಸಿಕ್ಕಿಬೀಳುತ್ತದೆ.

ಊರಿನ ವಿದ್ಯುತ್ ಕೆಟಲ್ ಅಥವಾ ರೈಸ್ ಕುಕ್ಕರ್ ಒಯ್ಯುವುದು ಮಾತ್ರ ವ್ಯರ್ಥ. ಜಪಾನಿನ ವಿದ್ಯುತ್ತು 100 ವೋಲ್ಟ್, ನಮ್ಮದು 230. ವೋಲ್ಟೇಜು ಅರ್ಧಕ್ಕಿಂತ ಕೆಳಗಿಳಿದರೆ ಕಾವು ಐದನೇ ಒಂದು ಭಾಗಕ್ಕಿಳಿಯುತ್ತದೆ: 1,000 ವ್ಯಾಟಿನ ಕೆಟಲ್ ಅಲ್ಲಿ 190 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ, ನೀರು ಕುದಿಯಲು ಬಹಳ ಹೊತ್ತು ಹಿಡಿಯುತ್ತದೆ. ಸಾಮಾನ್ಯ ಹೋಟೆಲ್ ಕೋಣೆಯಲ್ಲಿ ಕೆಟಲ್ ಇದ್ದೇ ಇರುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ‘100–240’ ಎಂದಿದ್ದರೆ ತೊಂದರೆಯಿಲ್ಲ, ಚಪ್ಪಟೆ ಎರಡು ಕಡ್ಡಿಯ ಅಡಾಪ್ಟರ್ ಸಾಕು.

ಔಷಧಿಯಲ್ಲಿ ನಿರ್ಲಕ್ಷ್ಯ ಬೇಡ. ಶೇ. 10ಕ್ಕಿಂತ ಹೆಚ್ಚು ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳಿಗೆ ಜಪಾನಿನಲ್ಲಿ ನಿಷೇಧ; ಕೊಡೀನ್ ಇರುವ ಕೆಮ್ಮಿನ ಸಿರಪ್ಪನ್ನೂ ಮನೆಯಲ್ಲೇ ಬಿಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ತಿಂಗಳ ಮಟ್ಟಿಗಾದರೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಔಷಧದ ಮೂಲ ಹೆಸರು ಬರೆದಿರುವ ವೈದ್ಯರ ಚೀಟಿ ಮಾತ್ರ ಜೊತೆಗಿರಲಿ.

ದುಡ್ಡಿಗೆ ಎರಡು ದಾರಿ ಇಟ್ಟುಕೊಳ್ಳಿ. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯದಿದ್ದರೆ ಅಲ್ಲಿ ಅದು ಚಲಿಸದು. ಒಟಿಪಿ ಬರುವ ಭಾರತದ ಸಿಮ್ಮನ್ನು ಫೋನಿನಿಂದ ತೆಗೆಯಬೇಡಿ, ಅದರ ಡೇಟಾ ರೋಮಿಂಗ್ ಮಾತ್ರ ಆರಿಸಿ. ಅಂಗಡಿಯ ಯಂತ್ರ ‘ರೂಪಾಯಿಯೋ ಯೆನ್ನೋ’ ಎಂದು ಕೇಳಿದರೆ ಯಾವಾಗಲೂ ಯೆನ್ ಒತ್ತಿ. ರೂಪಾಯಿ ಆರಿಸಿದರೆ ವಿನಿಮಯ ದರ ಅವರು ಇಟ್ಟದ್ದೇ, ನಿಮಗೆ ನಷ್ಟ. ದೇವಾಲಯ, ಸಣ್ಣ ಊಟದಂಗಡಿ, ಹಳೆಯ ಬಸ್ಸುಗಳಲ್ಲಿ ಇಂದಿಗೂ ನಗದೇ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂ ವಿದೇಶಿ ಕಾರ್ಡುಗಳನ್ನು ಸ್ವೀಕರಿಸುತ್ತದೆ.

ರೈಲಿನ ವಿಷಯಕ್ಕೆ ಬಂದರೆ, ‘ಜೆಆರ್ ಪಾಸ್ ಕೊಳ್ಳಿ’, ಅಂದರೆ ಜಪಾನ್ ರೈಲ್ವೆಯ ಪ್ರವಾಸಿ ಪಾಸು ಕೊಳ್ಳಿ, ಎಂಬ ಹಳೆಯ ಸಲಹೆ ಈಗ ಹೊಂದುವುದಿಲ್ಲ. ಏಳು ದಿನದ ಪಾಸು 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋ–ಕ್ಯೋಟೋ ಶಿಂಕಾನ್ಸೆನ್ ಬುಲೆಟ್ ರೈಲಿಗೆ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಬಿಡಿ ಟಿಕೇಟೇ ಲಾಭ. ಕ್ಯೋಟೋ ಕಡೆಗೆ ಹೋಗುವಾಗ ‘ಇ’ ಸೀಟು ಕೇಳಿ: ಹೊರಟ ಮುಕ್ಕಾಲು ಗಂಟೆಗೆ, ಮೋಡವಿಲ್ಲದಿದ್ದರೆ, ಬಲಗಡೆ ಫೂಜಿ ಪರ್ವತ ಕಾಣುತ್ತದೆ.

ಊರೊಳಗಿನ ರೈಲು, ಬಸ್ಸಿಗೆ ಮೊದಲೇ ಹಣ ತುಂಬಿಸುವ ಸುಯಿಕಾ ಕಾರ್ಡು ಸಾಕು. ಪ್ರವಾಸಿಗರ ‘ವೆಲ್‌ಕಮ್ ಸುಯಿಕಾ’ 28 ದಿನ ನಡೆಯುತ್ತದೆ, ಠೇವಣಿ ಇಲ್ಲ. ಒಂದು ತಪ್ಪು ಮಾತ್ರ ಬಹಳ ಜನ ಮಾಡುತ್ತಾರೆ: ಟೋಕಿಯೋ ವಲಯದಲ್ಲಿ ಒತ್ತಿ ಒಳಹೋದ ಕಾರ್ಡಿನಿಂದ ಒಸಾಕಾ ವಲಯದಲ್ಲಿ ಹೊರಬರಲಾಗದು. ಕಾರ್ಡು ಎರಡೂ ಊರಿನಲ್ಲಿ ನಡೆಯುತ್ತದೆ, ಒಂದೇ ಪ್ರಯಾಣ ಮಾತ್ರ ವಲಯ ದಾಟುವಂತಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಬೇಕಾದ ದ್ವಾರದ ಸಂಖ್ಯೆಯನ್ನು ರೈಲು ಇಳಿಯುವ ಮುಂಚೆಯೇ ನೋಡಿಟ್ಟುಕೊಳ್ಳಿ. ಟೋಕಿಯೋದ ಶಿಂಜುಕುವಿನಲ್ಲಿ ತಪ್ಪು ದ್ವಾರದಿಂದ ಹೊರಬಿದ್ದರೆ ಇಪ್ಪತ್ತು ನಿಮಿಷದ ನಡಿಗೆ ಹೆಚ್ಚುತ್ತದೆ. ನಡುರಾತ್ರಿಯ ಆಸುಪಾಸಿನಿಂದ ಬೆಳಗಿನ ಸುಮಾರು ಐದರವರೆಗೆ ರೈಲಿಲ್ಲ.

ಲಗೇಜಿಗೆ ಜಪಾನಿನ ‘ತಕ್ಕ್ಯೂಬಿನ್’ ಸೇವೆ ಬಳಸಿ. ಹೋಟೆಲಿನವರಿಗೆ ಸೂಟ್‌ಕೇಸು ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಊರಿನ ಹೋಟೆಲಿನಲ್ಲಿರುತ್ತದೆ, ಒಂದಕ್ಕೆ ಸುಮಾರು 2,000ದಿಂದ 3,000 ಯೆನ್. ಮಧ್ಯೆ ಒಂದು ರಾತ್ರಿಗೆ ಬೇಕಾದ ಬಟ್ಟೆ, ಮಾತ್ರೆ ಬೆನ್ನಚೀಲದಲ್ಲಿರಲಿ. ಪವರ್ ಬ್ಯಾಂಕ್ ಒಳಗಿಡಬೇಡಿ. ನೀವೇ ಒಯ್ಯುವುದಾದರೆ ಉದ್ದ, ಅಗಲ, ದಪ್ಪ ಸೇರಿ 160 ಸೆಂ.ಮೀ. ಮೀರಿದ ಪೆಟ್ಟಿಗೆಗೆ ಆ ಶಿಂಕಾನ್ಸೆನ್‌ನಲ್ಲಿ ಲಗೇಜು ಜಾಗವಿರುವ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚು ಹಣವಿಲ್ಲ. ಕಾಯ್ದಿರಿಸದಿದ್ದರೆ 1,000 ಯೆನ್ ಕಟ್ಟಬೇಕು.

ಕೋಯಾಸಾನನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಕೂಕಾಯ್ ಎಂಬ ಬೌದ್ಧ ಗುರು ಒಂಬತ್ತನೇ ಶತಮಾನದಲ್ಲಿ ಕಟ್ಟಿದ ಮಠಗಳ ಬೆಟ್ಟವದು, ಸುಮಾರು 800 ಮೀಟರ್ ಎತ್ತರ. ಒಸಾಕಾದ ನಂಬಾ ನಿಲ್ದಾಣದಿಂದ ನಾನ್ಕಾಯ್ ರೈಲು, ಗೊಕುರಾಕುಬಾಶಿಯಲ್ಲಿ ಇಳಿದು ಕೇಬಲ್ ಕಾರು, ಅಲ್ಲಿಂದ ಬಸ್ಸು. ಮಠಗಳಲ್ಲೇ ತಂಗಬಹುದು. ‘ಶೋಜಿನ್ ರ್ಯೋರಿ’ ಎಂಬ ಅವರ ಊಟದಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಎಳ್ಳಿನ ಗೋಮಾದೋಫು, ಒಣಗಿಸಿ ನೆನೆಸಿದ ಕೋಯಾದೋಫು, ಸೊಪ್ಪು, ಅನ್ನ. ಚೀಟಿ ತೋರಿಸದೆ ನೆಮ್ಮದಿಯಾಗಿ ಉಣ್ಣುವ ಜಾಗ. ರಾತ್ರಿಯೂಟ ಐದೂವರೆ, ಆರಕ್ಕೇ ಬಡಿಸುವುದರಿಂದ ಸಂಜೆ ಐದರೊಳಗೆ ತಲುಪಿ. ಕೆಲವು ಮಠಗಳಲ್ಲಿ ಮುಂಜಾನೆ ಬೆಂಕಿಯ ಮುಂದೆ ‘ಗೊಮಾ’ ನಡೆಯುತ್ತದೆ. ಆ ಪದ ಸಂಸ್ಕೃತದ ಹೋಮವೇ. ಹೊಗೆ, ಮಂತ್ರ, ಸಮಿತ್ತು ನೋಡುವಾಗ ಎದುರಿನದು ಪರದೇಶವೆನ್ನಿಸುವುದಿಲ್ಲ.

ಭಾಷೆಗೂ ಅಂಜಬೇಡಿ. ಇಂಗ್ಲಿಷಿಗಿಂತ ಜಪಾನಿಯ ವಾಕ್ಯರಚನೆ ಕನ್ನಡಕ್ಕೆ ಹತ್ತಿರ: ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ. ‘ಕ್ಯೋಟೋ ನಿ ಇಕಿಮಾಸು’ ಎಂದರೆ ‘ಕ್ಯೋಟೋಗೆ ಹೋಗ್ತೀನಿ’. ಕೊನೆಗೆ ‘ಕ’ ಸೇರಿಸಿದರೆ ಪ್ರಶ್ನೆ, ನಮ್ಮ ‘ಹೋಗ್ತೀರಾ’ದಲ್ಲಿನ ‘ಆ’ ಇದ್ದ ಹಾಗೆ. ಯಾರನ್ನಾದರೂ ಮಾತಾಡಿಸುವ ಮುನ್ನ ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಎನ್ನಿ. ರೈಲಿನಲ್ಲಿ ಫೋನಿನಲ್ಲಿ ಮಾತಾಡಬೇಡಿ, ಕಸವನ್ನು ಚೀಲದಲ್ಲೇ ಇಟ್ಟುಕೊಂಡು ಕೋಣೆಗೆ ತನ್ನಿ, ಏಕೆಂದರೆ ಬೀದಿಯಲ್ಲಿ ಕಸದ ಡಬ್ಬಿ ಅಪರೂಪ. ಪಾಸ್‌ಪೋರ್ಟ್ ಸದಾ ಜೊತೆಗಿರಬೇಕು, ಅದು ಅಲ್ಲಿನ ಕಾನೂನು. ತುರ್ತಿಗೆ ಪೊಲೀಸ್ 110, ಆಂಬುಲೆನ್ಸ್ 119.

ವಾಪಸು ಬರುವ ದಿನ ನರಿತಾಗೆ ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪಿ. ವೆಲ್‌ಕಮ್ ಸುಯಿಕಾದಲ್ಲಿ ಉಳಿದ ಹಣ ಮರಳಿ ಸಿಗುವುದಿಲ್ಲ. ನಿಲ್ದಾಣದ ಕೊಂಬಿನಿಯಲ್ಲಿ ಅದನ್ನು ಓನಿಗಿರಿ, ದೈಫುಕುಗಳಿಗೆ ಖರ್ಚು ಮಾಡಿ, ದಾರಿಗೆ ಆಗುತ್ತದೆ.