ಒಂದೇ ಒಂದು ಶಾಫ್ಟಿನ ಆರ್ಡರ್ ಬಂದರೆ ಐಎಸ್‌ಒ ಫೈಲಿಗೆ ಸೇರಿಸೋದು ಹೇಗೆ?

ಶಿವಮೊಗ್ಗದ ಮಾಚೇನಹಳ್ಳಿ ಕಡೆ ವರ್ಕ್‌ಶಾಪ್ ನಡೆಸುವವರಿಗೆ ಇದು ಗೊತ್ತೇ ಇರುತ್ತದೆ. ಅಡಿಕೆ ಕೊಯ್ಲು ಶುರುವಾದರೆ ಸಾಕು, ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಯಾರಾದರೂ ಸುಲಿಯುವ ಮೆಷಿನ್ನಿನ ಮುರಿದ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು, "ಇದೇ ಥರ ಒಂದು ಮಾಡಿಕೊಡಿ, ನಾಳೆನೇ ಬೇಕು" ಅನ್ನುತ್ತಾರೆ. ಡ್ರಾಯಿಂಗ್ ಇಲ್ಲ, ಪಿಒ (ಬರೆದುಕೊಟ್ಟ ಖರೀದಿ ಆರ್ಡರ್) ಇಲ್ಲ.

ಸಣ್ಣ ಕೆಲಸ ಅಲ್ವಾ ಅಂತ ಸುಮ್ನೆ ಬಿಡಬೇಡಿ. ಸಾವಿರ ಪೀಸಿಗೆ ಮಾಡುವಷ್ಟು ಕಾಗದವೂ ಬೇಡ. ಐಎಸ್‌ಒ 9001:2015 ಅನ್ನುವ ಗುಣಮಟ್ಟ ನಿರ್ವಹಣೆಯ ಮಾನದಂಡದ 8.2.3ನೇ ಕಲಂ ಹೇಳುವುದು ಸರಳ: ಗ್ರಾಹಕರು ಬರೆದು ಕೊಡದಿದ್ದರೆ, ಅವರಿಗೆ ಏನು ಬೇಕು ಅನ್ನುವುದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ನೀವು ಖಚಿತ ಮಾಡಿಕೊಳ್ಳಬೇಕು.

ನನ್ನ ಪ್ರಕಾರ ಒಂದು ಪುಟದ ಜಾಬ್ ಕಾರ್ಡ್ ಸಾಕು. ಮುರಿದ ಪೀಸನ್ನು ಅವರ ಎದುರೇ ಅಳೆಯಿರಿ. ಬೇರಿಂಗ್ ಕೂರುವ ಜಾಗ ಸವೆದು 24.93 ಮಿ.ಮೀ. ತೋರಿಸಿದರೆ ಅದನ್ನೇ ನಕಲು ಮಾಡಬೇಡಿ. ಜಾಸ್ತಿ ಜನ ಎಡವುವುದೇ ಇಲ್ಲಿ. ಬೇರಿಂಗ್ 6205 ನಂಬರಿನದಾದರೆ ಅದರ ಒಳವ್ಯಾಸ 25 ಮಿ.ಮೀ.; ಕೆ6 ಫಿಟ್ (ಬೇರಿಂಗ್ ಬಿಗಿಯಾಗಿ ಕೂರಲು ಶಾಫ್ಟಿಗೆ ಇಡುವ ಅಳತೆಯ ಮಿತಿ) ಬೇಕಾದರೆ ಶಾಫ್ಟ್ 25.002ರಿಂದ 25.015ರ ಒಳಗಿರಬೇಕು, ಅದನ್ನು ಬರೆಯಿರಿ. ಕೈಯಲ್ಲೇ ಸ್ಕೆಚ್ ಹಾಕಿ, ಮೆಟೀರಿಯಲ್, ತಾರೀಖು ಬರೆದು ಸಹಿ ಹಾಕಿಸಿ. ಫೋನಿನಲ್ಲಿ ಮಾತಾದರೆ ಅಳತೆ ಸಮೇತ ವಾಟ್ಸಾಪ್ ಕಳಿಸಿ, ಅವರ "ಸರಿ" ಬರುವವರೆಗೆ ಲೇತ್ ಆನ್ ಮಾಡಬೇಡಿ.

ಒಂದೇ ಪೀಸು, ಹಾಗಾಗಿ ಪ್ರತಿ ಅಳತೆಯನ್ನೂ ನೋಡಿ, ಯಾವ ಮೈಕ್ರೋಮೀಟರ್ ಅಂತ ಅದರ ನಂಬರೂ ಬರೆಯಿರಿ. ಕೊನೆಗೆ ಕಾರ್ಡ್ ನಂಬರನ್ನು ಶಾಫ್ಟಿನ ತುದಿಗೆ ಪಂಚ್ ಮಾಡಿ. ಮುಂದಿನ ಕೊಯ್ಲಿಗೆ ಅದೇ ಮನೆಯವರು ಬಂದರೆ ಕಾರ್ಡ್ ತೆಗೆದು ನೇರ ಕೆಲಸ ಶುರು ಮಾಡಬಹುದು.